ಬಾಣಬಿರುಸಿಗೆ ಎಫ್ ಹನ್ನೊಂದು

ಹಾಸನದ ಬಸ್ ನಿಲ್ದಾಣದ ಹತ್ತಿರ ಒಂದು ಕಲರ್ ಲ್ಯಾಬ್ ಇತ್ತು. ತೊಂಬತ್ತರ ದಶಕದ ನಡುವೆ, ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಅಲ್ಲಿ ಪ್ರಿಂಟಿಂಗ್ ಮೆಷಿನ್ ಮುಂದೆ ಕೂರುವ ಕೆಲಸಕ್ಕೆ ಸೇರಿದೆ. ದಿನಾ ಬೆಳಿಗ್ಗೆ ಹೊಳೆನರಸೀಪುರದಿಂದ ಬಸ್ಸು, ಸಂಜೆ ವಾಪಸ್ಸು. ಅಪ್ಪ ದೇವಸ್ಥಾನದ ಅರ್ಚಕರು. ಅಮ್ಮ ಬೀದಿಯ ಹುಡುಗಿಯರಿಗೆ ದೇವರನಾಮ ಹೇಳಿಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಯಾರೂ ಕ್ಯಾಮೆರಾ ಮುಟ್ಟಿದವರಲ್ಲ. ನಾನೂ ಅಷ್ಟೇ. ಆದರೆ ದಿನಕ್ಕೆ ನೂರಾರು ನೆಗೆಟಿವ್ ನೋಡುತ್ತಾ ನೋಡುತ್ತಾ, ಫೋಟೋ ತೆಗೆದವನ ಕೈ ಎಲ್ಲಿ ನಡುಗಿತು, ಎಲ್ಲಿ ಅವಸರ ಮಾಡಿದ ಎಂದು ಹೇಳುವಷ್ಟು ಅಭ್ಯಾಸ ಬಂದಿತ್ತು.

ದೀಪಾವಳಿ ಮುಗಿದ ವಾರ ಬರುವ ರೋಲುಗಳು ನಮಗೆ ತಲೆನೋವು. ಪಟಾಕಿ, ಬಾಣಬಿರುಸು ತೆಗೆದ ಚಿತ್ರಗಳು ಒಂದಾದರೂ ಸರಿಯಾಗಿ ಬರುತ್ತಿರಲಿಲ್ಲ. ಗಿರಾಕಿಗಳೆಲ್ಲ ಲ್ಯಾಬಿನವರನ್ನೇ ಬೈಯುತ್ತಿದ್ದರು.

ಆ ವರ್ಷ ಬೈಯಲು ಬಂದವರು ಅರಕಲಗೂಡಿನ ಒಬ್ಬ ಸ್ಟುಡಿಯೋದವರು. ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಮದುವೆ ಫೋಟೋ ತೆಗೆಯುವುದರಲ್ಲಿ ಹೆಸರು ಮಾಡಿದವರು. ಅವರ ಊರಿನಲ್ಲಿ ಹೊಸ ಬಟ್ಟೆ ಅಂಗಡಿ ತೆರೆದವರು ಹಬ್ಬಕ್ಕೆ ಜೋರಾಗಿ ಬಾಣಬಿರುಸು ಹಾರಿಸಿ, ಫೋಟೋ ತೆಗೆಯಲು ಇವರಿಗೆ ಹೇಳಿದ್ದರು. ಎರಡು ರೋಲು ತೆಗೆದಿದ್ದರು. ಪ್ರಿಂಟುಗಳನ್ನು ನನ್ನ ಮುಂದೆ ಹರಡಿದರು.

"ಇದೇನ್ ತಾಯಿ, ಆಕಾಶನೆಲ್ಲ ಬೂದಿ ಬಳ್ದಂಗೆ ಮಾಡ್ಬುಟ್ಟಿದ್ದೀರಿ? ಆ ಅಂಗಡಿಯೋರಿಗೆ ನಾನು ಎಂಗೆ ಮುಖ ತೋರ್ಸ್ಲಿ?"

ನಮ್ಮ ಯಜಮಾನರು ಒಳಗಿನಿಂದಲೇ, "ಅವ್ರಿಗೆ ಮತ್ತೊಂದ್ಸಲ ಹಾಕ್ಕೊಡಮ್ಮ" ಎಂದರು. ನಾನು ನೆಗೆಟಿವ್ ಪಟ್ಟಿಯನ್ನು ದೀಪದ ಗಾಜಿನ ಮೇಲಿಟ್ಟೆ. ಮೊದಲು ನಾಚಿಕೆಯಾದದ್ದು ನನಗೇ. ಎರಡು ಕಡೆ ಚಿತ್ರದ ನಡುವೆಯೇ ಕತ್ತರಿ ಬಿದ್ದಿತ್ತು. ರಾತ್ರಿ ತೆಗೆದ ಫಿಲಂನಲ್ಲಿ ಚಿತ್ರದ ಅಂಚು ಎಲ್ಲಿದೆ ಎಂದು ಮೆಷಿನ್‌ಗೆ ಗೊತ್ತಾಗುವುದಿಲ್ಲ. ನಾನು ನೋಡಿ ಕತ್ತರಿಸಬೇಕಿತ್ತು. ಆಕಾಶ ಬೂದಿಯಾದದ್ದೂ ಮೆಷಿನ್ ತನ್ನ ಲೆಕ್ಕದಲ್ಲಿ ಬೆಳಕನ್ನು ಅಳೆದು ತೆಳುವಾಗಿ ಹಾಕಿದ್ದರಿಂದ. ನಾನು ಬಣ್ಣ ಗಾಢವಾಗಲೆಂದು ಡೆನ್ಸಿಟಿ ಮೂರು ಹೆಜ್ಜೆ ಏರಿಸಿ ಒಂದು ಪ್ರಿಂಟ್ ತೆಗೆದೆ. ಆಕಾಶ ಕಾಡಿಗೆಯಂತೆ ಕಪ್ಪಾಯಿತು. ಬಾಣಬಿರುಸು ಮಾತ್ರ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೇ ಇತ್ತು.

"ಸಾರ್, ಆಕಾಶ ನಮ್ಮ ತಪ್ಪು. ಬೆಂಕಿ ನಿಮ್ಮ ತಪ್ಪು" ಅಂದುಬಿಟ್ಟೆ.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆದರೂ ಹೇಳಿದೆ. ಬೆಳಕನ್ನು ಬೇಗ ಹೀರುವ ನಾನೂರರ ಫಿಲಂ ಹಾಕಿದ್ದೀರಿ, ಬೆಳಕು ಬಿಡುವ ಕಿಂಡಿ, ಅಪರ್ಚರ್, ಪೂರ್ತಿ ತೆರೆದಿದ್ದೀರಿ, ಅದಕ್ಕೇ ಕೆಂಪು ಹಸಿರೆಲ್ಲ ಸುಟ್ಟುಹೋಗಿ ಬಿಳಿಯಾಗಿದೆ. ಈ ರೋಲಿನಲ್ಲಿ ಫ್ಲಾಶ್ ಹಾಕಿ ಸೆಕೆಂಡಿನ ಅರವತ್ತನೇ ಪಾಲಿಗೆ ಒತ್ತಿದ್ದೀರಿ, ಅದಕ್ಕೇ ಬರೀ ಚುಕ್ಕೆ ಬಂದಿದೆ. ಇನ್ನೊಂದರಲ್ಲಿ ಕ್ಯಾಮೆರಾ ಕೈಯಲ್ಲೇ ಇತ್ತು, ಗೆರೆಯೆಲ್ಲ ಹುಳದ ಹಾಗೆ ಸುತ್ತಿಕೊಂಡಿದೆ.

ಅವರು ಪ್ರಿಂಟಿನಿಂದ ತಲೆಯೆತ್ತಿದರು. "ನೀನು ಯಾವತ್ತಾರ ಕ್ಯಾಮೆರಾ ಇಡ್ದಿದ್ದೀಯೇನವ್ವ?"

"ಇಲ್ಲ ಸಾರ್."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಪ್ರಿಂಟುಗಳನ್ನು ಎತ್ತಿಕೊಂಡು ಹೊರಟುಹೋದರು. ಎರಡು ದಿನ ಬಿಟ್ಟು ಚರ್ಮದ ಚೀಲದಲ್ಲಿ ಒಂದು ಹಳೆಯ ಕ್ಯಾಮೆರಾ, ಮೂರುಕಾಲಿನ ಸ್ಟ್ಯಾಂಡು, ನೂರರ ಫಿಲಂ ಒಂದು ರೋಲು ತಂದು ಕೌಂಟರ್ ಮೇಲಿಟ್ಟರು. "ನೀನ್ ಏಳಿದ್ದು ದಿಟವಾ ನೋಡಾಣ. ತೆಗ್ದು ತೋರ್ಸು" ಎಂದರು.

ತುಳಸಿ ಹಬ್ಬ ಹತ್ತಿರದಲ್ಲಿತ್ತು. ದೀಪಾವಳಿಗೆ ಉಳಿದ ಪಟಾಕಿಯನ್ನೆಲ್ಲ ನಮ್ಮ ಬೀದಿಯವರು ಅವತ್ತು ಖಾಲಿ ಮಾಡುತ್ತಾರೆ. ನಾನು ಸಂಜೆ ಬೆಳಕಿರುವಾಗಲೇ ತಾರಸಿಗೆ ಹೋಗಿ ತೆಂಗಿನ ಮರದ ಒಂದು ಚಿತ್ರ ತೆಗೆದೆ, ಕತ್ತರಿಸುವಾಗ ಮೊದಲ ಅಂಚು ಸಿಗಲಿ ಎಂದು. ಆಮೇಲೆ ಅಮ್ಮನ ಕೈಗೆ ನೋಟುಪುಸ್ತಕ, ಪೆನ್ನು ಕೊಟ್ಟು, ಪ್ರತಿ ಚಿತ್ರಕ್ಕೂ ನಾನು ಹೇಳಿದ್ದನ್ನು ಬರೆದುಕೊಳ್ಳಲು ಕೂರಿಸಿದೆ.

ತೊಂದರೆ ಶುರುವಾದದ್ದು ಎಣಿಸುವುದರಲ್ಲಿ. ಷಟರನ್ನು 'ಬಿ'ಗೆ ಇಟ್ಟು, ಬೆರಳು ಒತ್ತಿಹಿಡಿದಷ್ಟು ಹೊತ್ತು ಅದು ತೆರೆದಿರಬೇಕು. ರಾಕೆಟ್ ಮೇಲೆ ಹೋಗುವುದನ್ನು ನೋಡಿದ ಕೂಡಲೇ ನಾನು ಒಂದೆರಡುಮೂರುನಾಲ್ಕು ಎಂದು ಒಂದೇ ಉಸಿರಿಗೆ ಹೇಳಿ ಬಿಟ್ಟುಬಿಡುತ್ತಿದ್ದೆ. ಕತ್ತಲಲ್ಲಿ ಕೈಗಡಿಯಾರ ಕಾಣುತ್ತಿರಲಿಲ್ಲ.

"ಯಾಕೆ ಹಾಗೆ ಓಡ್ತೀಯೇ? ಹಾಡೋವಾಗಲೂ ನಿಂಗೆ ಇದೇ ಚಾಳಿ" ಎಂದಳು ಅಮ್ಮ. "ನಾನು ಆದಿತಾಳ ಹಾಕ್ತೀನಿ. ಅರ್ಧ ಆವರ್ತಕ್ಕೆ, ನಾಲ್ಕನೇ ಎಣಿಕೆಗೆ ಬಿಡು."

ತೊಡೆಯ ಮೇಲೆ ತಟ್ಟಿ, ಬೆರಳು ಎಣಿಸುತ್ತಾ ವಿಳಂಬದಲ್ಲಿ ತಾಳ ಹಾಕತೊಡಗಿದಳು. ರಾಕೆಟ್ಟುಗಳು ಹಾರಿದವು. ಎಫ್ ಅಂಕಿ ದೊಡ್ಡದಾದಷ್ಟೂ ಅಪರ್ಚರಿನ ಕಿಂಡಿ ಸಣ್ಣದು; ಎಫ್ ಎರಡು ಪಾಯಿಂಟ್ ಎಂಟರಿಂದ ಹದಿನಾರರವರೆಗೆ ಬೆಳಕನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಹೋದೆ.

ಮರುದಿನ ಆ ರೋಲನ್ನು ನಾನೇ ಡೆವಲಪ್ ಮಾಡಿದೆ. ತೆಂಗಿನ ಮರ ಬಿಟ್ಟರೆ ಮೊದಲ ಆರು ಚಿತ್ರ ಮಂಜುಮಂಜು. ತುಳಸಿ ಕಟ್ಟೆಯ ದೀಪ ನೋಡಿ ಫೋಕಸ್ ಮಾಡಿದವಳು ಅದನ್ನು ದೂರಕ್ಕೆ ತಿರುಗಿಸಲು ಮರೆತಿದ್ದೆ. ಮಿಕ್ಕವುಗಳಲ್ಲಿ ಪ್ರತಿ ಗೆರೆಯ ತುದಿಗೂ ಕೊಕ್ಕೆ, ಏಕೆಂದರೆ ಬೆರಳು ಒತ್ತುವಾಗ ಸ್ಟ್ಯಾಂಡು ಸಹಿತ ಕ್ಯಾಮೆರಾ ಅಲುಗಿತ್ತು. ಆದರೆ ಎಫ್ ಹನ್ನೊಂದರಲ್ಲಿ ತೆಗೆದ ಮೂರು ಚಿತ್ರಗಳಲ್ಲಿ ಬಣ್ಣವಿತ್ತು. ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ. ಕೊಕ್ಕೆಯಾದರೇನು, ನನಗೆ ಕುಣಿಯುವಷ್ಟು ಖುಷಿ.

ಅರಕಲಗೂಡಿನವರು ಆ ಮೂರನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಕ್ಯಾಮೆರಾ ಮುಟ್ದಂಗೆ ಒತ್ತಾಕೆ ಗುಂಡಿಗೆ ಸಿಗಿಸೋ ಕೇಬಲ್ ಒಂದೈತೆ. ನಾನು ಯಾವತ್ತೂ ಬಳಸ್ಲಿಲ್ಲ ಕಣವ್ವ. ತಂದ್ಕೊಡ್ತೀನಿ" ಎಂದು, ಪ್ರಿಂಟುಗಳನ್ನು ಕೆಳಗಿಟ್ಟು, "ಚನ್ನರಾಯಪಟ್ಟಣದಾಗೆ ಒಂದು ಸ್ಕೂಲಿಗೆ ಐವತ್ತು ವರ್ಸ ತುಂಬ್ತದಂತೆ. ದೊಡ್ಡ ಬಾಣಬಿರುಸು. ನನ್ಗೇ ಏಳವ್ರೆ. ನೀನೂ ಬತ್ತೀಯಾ?" ಎಂದು ಕೇಳಿದರು.

ಅಪ್ಪ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. "ತಾಳ ಹಾಕೋದಕ್ಕೆ ನಾನು ಹೋಗಲೇಬೇಕಲ್ಲ" ಎಂದು ಅಮ್ಮನೇ ತೀರ್ಮಾನ ಮಾಡಿದಳು.

ಶಾಲೆಯ ಮೈದಾನದಲ್ಲಿ, ಮಂತ್ರಿಗಳು ಕೂತಿದ್ದ ವೇದಿಕೆಯ ಪಕ್ಕ, ಅರಕಲಗೂಡಿನವರು ನಮಗೆ ಜಾಗ ಮಾಡಿಸಿದ್ದರು. ನಾನು ಶಾಮಿಯಾನದ ಬಟ್ಟೆ ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿದೆ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು.

"ಸಾರ್, ಇಲ್ಲಿ ನಿಂತ್ರೆ ಹೊಗೆಯೆಲ್ಲ ನಮ್ಮ ಮುಂದೇನೇ ಬರುತ್ತೆ. ಆ ಸೈಕಲ್ ಸ್ಟ್ಯಾಂಡ್ ಕಡೆ ಹೋಗೋಣ."

"ಅಲ್ಲಿ ಮಂತ್ರಿಗಳು ಕಾಣಾಕಿಲ್ವಲ್ಲವ್ವ!"

"ನಮಗೆ ಮಂತ್ರಿಗಳು ಬೇಕೋ ಬಾಣಬಿರುಸು ಬೇಕೋ?"

ಅವರು ಸ್ಟ್ಯಾಂಡನ್ನು ಹೆಗಲಿಗೇರಿಸಿ ನಡೆದರು. ಅಮ್ಮ ಒಂದು ಕ್ಲಾಸಿನ ಬೆಂಚನ್ನು ಹೊರಗೆ ಹಾಕಿಸಿಕೊಂಡು ಕೂತಳು. ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ, ಫೋಕಸ್ಸನ್ನು ಕೊನೆಗೆ ತಿರುಗಿಸಿ, ಫ್ಲಾಶ್ ಕಳಚಿ ಅಮ್ಮನ ಮಡಿಲಿಗಿಟ್ಟೆ. ಕೇಬಲ್ ಹಿಡಿಯಲು ಅವರು ಮುಂದೆ ಬಂದರು. ಮೊದಲ ಬಾಣ ಹಾರಿತು. ಅವರು ಒತ್ತಿದರು. ಅದು ನಾವು ಅಂದುಕೊಂಡದ್ದಕ್ಕಿಂತ ಬಹಳ ಮೇಲೆ ಹೋಗಿ ಅರಳಿತು.

"ಬಾಣದ ತಲೆ ಕತ್ತರಿಸಿಹೋಯ್ತು ಸಾರ್, ಅಗಲದ ಲೆನ್ಸ್ ಹಾಕಿ. ಆ ಟ್ಯೂಬ್‌ಲೈಟೂ ಆರಿಸ್ಬೇಕು, ಅದು ಚಿತ್ರದೊಳಗೆ ಬರ್ತಾ ಇದೆ."

ಅವರು ಲೆನ್ಸ್ ಬದಲಿಸಿ ಕೊಟ್ಟು, ಕೇಬಲನ್ನು ನನ್ನ ಕೈಗೆ ಹಾಕಿದರು. "ನೀನೇ ಇಡ್ಕೊ. ನಾನು ಲೈಟ್ ಆರಿಸ್ತೀನಿ" ಎಂದು ವೇದಿಕೆಯ ಕಡೆ ಓಡಿದರು. ಅಷ್ಟು ವಯಸ್ಸಾದ ಮನುಷ್ಯ ನನ್ನ ಮಾತಿಗೆ ಮೈದಾನ ದಾಟಿ ಓಡಿದ್ದು ಇವತ್ತೂ ಕಣ್ಣ ಮುಂದಿದೆ. "ಯಾರ್ಲಾ ಅಲ್ಲಿ, ಲೈಟ್ ಆರ್ಸ್ರಲಾ!" ಎಂಬ ಕೂಗು ನಮ್ಮವರೆಗೂ ಕೇಳಿಸಿತು. ಟ್ಯೂಬ್‌ಲೈಟುಗಳು ಆರಿದವು.

ಅಮ್ಮನ ತಾಳ ಒಂದೇ ಸಮ ನಡೆಯುತ್ತಿತ್ತು. ಬಾಣ ಸಿಡಿಯುವ ಮುನ್ನ ಒತ್ತುತ್ತಿದ್ದೆ, ಕಿಡಿಗಳು ಬಾಗಿ ಇಳಿಯುವಾಗ ಬಿಡುತ್ತಿದ್ದೆ. ಕೊನೆಗೆ ಒಟ್ಟಿಗೆ ಹತ್ತಾರು ಬಾಣ ಹಾರಿಸಿದಾಗ ಬೆಳಕು ಜಾಸ್ತಿಯಾಗುತ್ತದೆ ಎಂದು ಹದಿನಾರಕ್ಕೆ ಇಳಿಸಿದೆ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಮೇಲೆ ನೋಡಿದ್ದಕ್ಕಿಂತ ಲೆನ್ಸಿನ ಅಂಕಿ ನೋಡಿದ್ದೇ ಹೆಚ್ಚು.

ಮಾರನೆಯ ದಿನ ಅರಕಲಗೂಡಿನ ಮೊದಲ ಬಸ್ಸಿಗೇ ಬಂದು, ಲ್ಯಾಬಿನ ಬಾಗಿಲು ತೆಗೆಯುವ ಮುಂಚೆಯೇ ಅವರು ಕಾಯುತ್ತಾ ನಿಂತಿದ್ದರು. ಯಂತ್ರದಿಂದ ಫಿಲಂ ಹೊರಗೆ ಬಂತು. ಅದರಲ್ಲಿ ದಾರದಷ್ಟು ಸಣ್ಣ ಗೆರೆಗಳು, ಒಂದರ ತುದಿಯಲ್ಲೂ ಕೊಕ್ಕೆಯಿಲ್ಲ. ನಾನೇ ಕೈಯಾರೆ ಅಂಚು ನೋಡಿ ಕತ್ತರಿಸಿದೆ, ಡೆನ್ಸಿಟಿ ಏರಿಸಿ ಪ್ರಿಂಟ್ ಹಾಕಿದೆ. ಶಾಲೆಯ ಹೆಂಚಿನ ಮಾಡಿನ ಮೇಲೆ ಹೊಂಬಣ್ಣದ ಮತ್ತು ನೇರಳೆಯ ಎರಡು ದೊಡ್ಡ ಹೂಗಳು, ಸುತ್ತ ಅಚ್ಚ ಕಪ್ಪು ಆಕಾಶ.

ಅವರು ಯಜಮಾನರನ್ನು ಕರೆದು, "ನೋಡಿ ಸಾ, ಮೂವತ್ತು ವರ್ಸ ಫೋಟೋ ತೆಗ್ದಿದ್ದೀನಿ. ನಂಗೆ ಇದು ಬಂದಿರ್ಲಿಲ್ಲ" ಎಂದರು. ಅದನ್ನು ಎಲ್ಲರೆದುರು ಹೇಳಿದರು. ಶಾಲೆಯವರು ಆ ಚಿತ್ರವನ್ನು ದೊಡ್ಡದು ಮಾಡಿಸಿ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಹಾಕಿಕೊಂಡರು. ಯಾರು ತೆಗೆದದ್ದು ಎಂದು ಕೇಳಿದಾಗ, ಅರಕಲಗೂಡಿನವರು ತಾವೇ ಎನ್ನಬಹುದಿತ್ತು. "ಹಾಸನದ ಲ್ಯಾಬಿನ ಎಣ್ಮಗಳು" ಎಂದರಂತೆ.

ಸುದ್ದಿ ಹಬ್ಬಿತು. ದೀಪಾವಳಿ ಬಂತೆಂದರೆ ಗೊರೂರು, ದಂಡಿಗನಹಳ್ಳಿಯ ಕಡೆಯ ಸ್ಟುಡಿಯೋದವರು ಕೌಂಟರಿಗೆ ಬಂದು, "ಮೇಡಂ, ಎಷ್ಟಕ್ಕೆ ಇಡ್ಬೇಕು?" ಎಂದು ಕೇಳುತ್ತಿದ್ದರು. ನಾನು ಆ ಲೆಕ್ಕವನ್ನೆಲ್ಲ ಅರ್ಧ ಹಾಳೆಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ, ಫಿಲಂ ರೋಲಿನ ಜೊತೆ ಕೊಡುತ್ತಿದ್ದೆ.

ಎರಡು ಸಾವಿರದ ಈಚೆಗೆ ಡಿಜಿಟಲ್ ಕ್ಯಾಮೆರಾಗಳು ಬಂದಮೇಲೆ, ಜಿಲ್ಲೆಯ ಛಾಯಾಗ್ರಾಹಕರು ಹಾಸನದಲ್ಲಿ ಒಂದು ಶಿಬಿರ ಮಾಡಿ ನನ್ನನ್ನು ಮಾತಾಡಲು ಕರೆದರು. ಮುಂದೆ ಕೂತವರಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಒಬ್ಬರು ಎದ್ದು, "ಈಗ ಕ್ಯಾಮೆರಾ ಹಿಂದ್ಗಡೆನೇ ಚಿತ್ರ ಕಾಣ್ಸುತ್ತಲ್ಲ ಮೇಡಂ, ಲೆಕ್ಕ ಎಲ್ಲ ಯಾತಕ್ಕೆ?" ಎಂದು ಕೇಳಿದರು. ಅವರ ಕ್ಯಾಮೆರಾ ಇಸಿದುಕೊಂಡು ಹಬ್ಬದ ಚಿತ್ರಗಳನ್ನು ಒಂದೊಂದಾಗಿ ಸರಿಸಿದೆ. ಎಲ್ಲವೂ ಬೆಳ್ಳಗಿದ್ದವು.

"ಕಾಣ್ಸೋದೇನೋ ಕಾಣ್ಸುತ್ತೆ ಸಾರ್. ಯಾಕೆ ಹೀಗಾಯ್ತು ಅಂತ ಅದು ಹೇಳಲ್ಲ. ಬನ್ನಿ, ನೋಡೋಣ" ಎಂದೆ. ಅವರು ವೇದಿಕೆ ಹತ್ತಿ ಬಂದು ನನ್ನ ಪಕ್ಕದಲ್ಲಿ ನಿಂತರು. ನಾನು ಮೈಕು ಕೆಳಗಿಟ್ಟು, ಹಿಂದೆ ಫಿಲಂ ಡಬ್ಬಿಯ ಮೇಲಿರುತ್ತಿದ್ದ ನೂರು, ನಾನೂರರ ಅಂಕಿ, ಅಂದರೆ ಐಎಸ್‌ಒ, ಎಷ್ಟಿದೆ ಎನ್ನುವುದರಿಂದ ಶುರುಮಾಡಿದೆ.