ರೆಸ್ಯೂಮೆಯ ಕೊನೇ ಸಾಲು

ಅಮೆರಿಕದಲ್ಲಿ ಪ್ರೋಗ್ರಾಮರ್ ಅಂತ ಹೇಳಿಕೊಂಡವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ ಅದು. ಕ್ರ್ಯಾನ್‌ಬರಿಯ ನಮ್ಮ ಆಫೀಸಿಗೆ ಕಾಲೇಜಿನ ಕೊನೇ ವರ್ಷದ ಹುಡುಗಿಯೊಬ್ಬಳು ಇಂಟರ್‌ವ್ಯೂಗೆ ಬಂದಿದ್ದಳು. ಪ್ರಶ್ನೆ ಕೇಳುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಬೋರ್ಡಿನ ಮೇಲೆ ನಾನು ಬರೆದ ಪ್ರೋಗ್ರಾಮಿನಲ್ಲೇ ಒಂದು ತಪ್ಪು ಹುಡುಕಿ ತೋರಿಸಿದಳು.

ರೆಸ್ಯೂಮೆಯ ಕೊನೆಯಲ್ಲಿ 'ಡ್ಯಾನ್ಸರ್, ಎರಡು ವರ್ಷ' ಎಂದಿತ್ತು.

"ಯಾವ ಥರದ ಡ್ಯಾನ್ಸ್? ನನ್ನ ಮಗಳೂ ಕಲೀತಿದ್ದಾಳೆ" ಅಂದೆ.

"ಹೈವೇ ಪಕ್ಕದ ಕ್ಲಬ್ಬಿನಲ್ಲಿ, ಬಟ್ಟೆ ಬಿಚ್ಚಿ ಕುಣಿಯೋದು. ಕಾಲೇಜಿನ ಫೀಸು ಕಟ್ಟೋಕೆ ಅದೇ ದಾರಿಯಾಗಿತ್ತು. ಎರಡು ವರ್ಷ ಏನು ಮಾಡ್ತಿದ್ದೆ ಅಂತ ಸುಳ್ಳು ಬರೆಯೋಕೆ ಮನಸ್ಸು ಬರಲಿಲ್ಲ."

ನನಗೆ ಅವಳ ಮುಖ ನೋಡೋಕಾಗಲಿಲ್ಲ. ಪೆನ್ನಿನ ಕ್ಯಾಪ್ ತೆಗೆಯುತ್ತಾ ಹಾಕುತ್ತಾ ಕೂತೆ. ಅವಳೇ ಎದ್ದು ಕೋಟು ಹಾಕಿಕೊಂಡಳು.

"ನಾನಿನ್ನೂ ಏನೂ ಹೇಳಿಲ್ಲವಲ್ಲ" ಅಂದೆ.

"ಈ ಮಾತಾದ ಮೇಲೆ ಯಾರೂ ಪ್ರೋಗ್ರಾಮಿಂಗ್ ಬಗ್ಗೆ ಕೇಳಲ್ಲ" ಅಂದಳು.

ಆಮೇಲೂ ನಾನು ಕೇಳಲಿಲ್ಲ.

ಅವಳು ಹೋದ ಮೇಲೆ ಫಾರಂನಲ್ಲಿ, ಅವಳು ಬೇಡ ಅನ್ನೋದಕ್ಕೆ ಕಾರಣ 'ಕಮ್ಯುನಿಕೇಶನ್ ಸಾಲದು' ಎಂದು ಬರೆದೆ. ಮ್ಯಾನೇಜರ್ ಓದದೆಯೇ ಸೈನ್ ಮಾಡಿದ.

ನನ್ನ ರೆಸ್ಯೂಮೆ ಬರೆದದ್ದು ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡ ಕನ್ಸಲ್ಟಿಂಗ್ ಕಂಪನಿಯವರು. ನಾನು ಯಾವತ್ತೂ ಕಾಲಿಡದ ಒಂದು ಬ್ಯಾಂಕಿನಲ್ಲಿ ನನಗೆ ನಾಲ್ಕು ವರ್ಷದ ಅನುಭವ ಇದೆ ಅಂತ ಅದರಲ್ಲಿ ಬರೆದಿದ್ದರು. ಆ ಅನುಭವ ನೋಡಿಯೇ ಇಂಟರ್‌ವ್ಯೂ ಮಾಡೋಕೆ ನನ್ನನ್ನು ಕೂರಿಸಿದ್ದು.