ಕೊಕ್ಕೆ ಕೆರೆಯುವ ಕೆಲಸ

ನಮ್ಮ ಅತ್ತೆಯ ಕೂದಲಿನ ಬಣ್ಣ ಯಾವುದು ಎಂದು ಯಾರಾದರೂ ಕೇಳಿದ್ದರೆ, ಈವತ್ತು ಶೆಡ್ಡಿನಲ್ಲಿ ಯಾವ ಬಣ್ಣ ಹೊಡೆದರು ಎಂದು ನಾವು ತಿರುಗಿ ಕೇಳಬೇಕಾಗುತ್ತಿತ್ತು. ಒಂದು ದಿನ ಹಸಿರು, ಒಂದು ದಿನ ಕಾಫಿ ಬಣ್ಣ. ಬಿಳಿ ಹೊಡೆದ ದಿನ ಒಂದೇ ಹಗಲಿಗೆ ಮುದುಕಿಯಾಗಿ ಮನೆಗೆ ಬರುತ್ತಿದ್ದಳು. ಬೀದಿಯವರು ಅವಳನ್ನು 'ಪೌಡರ್ ಅತ್ತೆ' ಎಂದು ಕರೆಯುತ್ತಿದ್ದರು. ಮುಖಕ್ಕೆ ಪೌಡರ್ ಹಚ್ಚಿದ್ದನ್ನು ಮಾತ್ರ ನಾನು ಒಂದು ದಿನವೂ ನೋಡಲಿಲ್ಲ.

ಅವಳು ಅಪ್ಪನ ಒಬ್ಬಳೇ ತಂಗಿ. ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದವಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ, "ಅಲ್ಲಿ ಗಾಳಿ ಸರಿ ಇರ್ಲಿಲ್ಲ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಿದಳು. ಕೂತು ಉಣ್ಣುವ ಜಾಯಮಾನ ಅವಳದಲ್ಲ. ಅಪ್ಪನಿಗೂ ಯಾರಾದರೂ ಕೂತು ಉಣ್ಣುವುದನ್ನು ನೋಡಿ ಸಹಿಸುವ ಜಾಯಮಾನವಿಲ್ಲ. ಹಾಗಾಗಿ ಅವಳು ಅಪ್ಪನ ಶೆಡ್ಡಿಗೆ ಕೆಲಸಕ್ಕೆ ಹೋದಳು.

ಶೆಡ್ಡಿನಲ್ಲಿ ಗೇಟು, ಕಿಟಕಿ ಗ್ರಿಲ್ಲುಗಳಿಗೆ ಪೌಡರ್ ಕೋಟಿಂಗ್ ಮಾಡುತ್ತಿದ್ದರು. ಅಲ್ಲಿ ಬ್ರಷ್ಷೂ ಇಲ್ಲ, ಡಬ್ಬಿಯಲ್ಲಿ ಕಲಸಿದ ಬಣ್ಣವೂ ಇಲ್ಲ. ಮೂರು ಕಡೆ ತಗಡಿನ ಗೋಡೆಯಿರುವ ಒಂದು ಬೂತು. ಮೇಲೆ ಉದ್ದಕ್ಕೆ ಒಂದು ಕಬ್ಬಿಣದ ಕಂಬಿ. ಕಂಬಿಯಿಂದ ಕೊಕ್ಕೆ, ಕೊಕ್ಕೆಯಿಂದ ಗೇಟು. ಒಣಗಿದ ಬಣ್ಣದ ಪುಡಿಯನ್ನು ಗನ್ನಿನಿಂದ ಊದಿದರೆ, ಮೂತಿ ದಾಟುವಾಗ ಅದಕ್ಕೆ ಚಾರ್ಜು ಹತ್ತುತ್ತದೆ. ಕಂಬಿಯಿಂದ ನೆಲಕ್ಕೆ ತಂತಿ ಇಳಿಸಿ ಅರ್ಥಿಂಗ್ ಮಾಡಿರುವುದರಿಂದ ಪುಡಿ ಗೇಟನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಆಮೇಲೆ ಓವನ್ನಿಗೆ ತಳ್ಳಿ ಬೇಯಿಸಿದರೆ ಬಣ್ಣ ಗಟ್ಟಿಯಾಗುತ್ತದೆ. ಗನ್ ಹಿಡಿಯಲು ಬಂದ ಗಂಡಸರು ಒಬ್ಬೊಬ್ಬರಾಗಿ ಕಾಲಿಗೆ ಬುದ್ಧಿ ಹೇಳಿದ ಮೇಲೆ ಅಪ್ಪ ಅದನ್ನು "ಎರಡು ದಿನದ ಮಟ್ಟಿಗೆ" ಎಂದು ಅತ್ತೆಯ ಕೈಗೆ ಕೊಟ್ಟ. ಆ ಎರಡು ದಿನ ವರ್ಷಗಟ್ಟಲೆ ನಡೆಯಿತು. ಅವಳ ಕೈಯಿಂದ ಬಂದ ಗೇಟಿನಲ್ಲಿ ಬೆರಳು ಆಡಿಸಿದರೆ ಒಂದು ಗಂಟೂ ಸಿಗುತ್ತಿರಲಿಲ್ಲ. ಗಿರಾಕಿಗಳು ಅಪ್ಪನನ್ನು ಹೊಗಳುತ್ತಿದ್ದರು, ಅವನೂ ಸಂಕೋಚವಿಲ್ಲದೆ ಹೊಗಳಿಸಿಕೊಳ್ಳುತ್ತಿದ್ದ.

ಅವಳದು ಎರಡು ವಿಚಿತ್ರ ಪದ್ಧತಿ. ಹೊಸ ಗ್ಲೌಸು ಬಂದ ಕೂಡಲೇ ಕತ್ತರಿ ತಗೊಂಡು ಅಂಗೈ ಜಾಗದಲ್ಲಿ ದುಂಡಗೆ ಕತ್ತರಿಸಿಬಿಡುತ್ತಿದ್ದಳು. ಬೂತಿನೊಳಗೆ ಕಾಲಿಡುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದಳು. "ದೇವರ ಮನೇನಾ ಅದು?" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಅಂಗೈ ಗನ್ನಿನ ಹಿಡಿಗೆ ತಾಗಿರಬೇಕು, ಪಾದ ನೆಲಕ್ಕೆ ತಾಗಿರಬೇಕು, ಇಲ್ಲದಿದ್ದರೆ ಚಾರ್ಜು ಮೈಮೇಲೇ ಉಳಿದುಕೊಳ್ಳುತ್ತದೆ ಎನ್ನುವುದು ಅತ್ತೆಯ ಲೆಕ್ಕ.

ಆ ವರ್ಷ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ವಿದ್ಯುತ್ ವಿಭವದ ಪಾಠ ಬಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಮಧ್ಯಾಹ್ನ ಶೆಡ್ಡಿಗೆ ಬುತ್ತಿ ತಗೊಂಡು ಹೋದಾಗ ಅಲ್ಲೇ ಕೂತು ಗಟ್ಟಿಯಾಗಿ ಓದುತ್ತಿದ್ದೆ.

"ವಿಭವ ಅಂದ್ರೆ ಏನೇ ಅದು?" ಎಂದಳು ಅತ್ತೆ ಒಂದು ದಿನ, ತುತ್ತು ಕೈಯಲ್ಲಿ ಹಿಡಿದುಕೊಂಡೇ.

"ಒಂದು ಚಾರ್ಜನ್ನ ಎಲ್ಲೋ ದೂರದಿಂದ ಇಲ್ಲಿಗೆ ತರೋಕೆ ಎಷ್ಟು ಕೆಲಸ ಮಾಡ್ಬೇಕು ಅನ್ನೋ ಲೆಕ್ಕ ಅಂತೆ."

"ಹಾಗಂದ್ರೆ ಎತ್ತರ ಅನ್ನು. ಅಟ್ಟಕ್ಕೆ ಮೂಟೆ ಏರಿಸಿದ ಹಾಗೆ. ಅಟ್ಟದ ಮೇಲೆ ಸುಮ್ನೆ ಕೂತೋನಿಗೆ ಏನೂ ಆಗಲ್ಲ. ಬಿದ್ರೆ ತಾನೇ ಎತ್ತರ ಎಷ್ಟು ಅಂತ ಗೊತ್ತಾಗೋದು."

"ಪುಸ್ತಕದಲ್ಲೂ ಅದೇ ಇದೆ. ಎರಡು ಜಾಗದ ನಡುವಿನ ವ್ಯತ್ಯಾಸ ಮುಖ್ಯ ಅಂತ."

"ನನ್ನ ಗನ್ನು ಅಟ್ಟದ ಮೇಲಿದೆ, ಗೇಟು ನೆಲದ ಮೇಲಿದೆ. ಅದಕ್ಕೇ ಪುಡಿ ಧುಮುಕುತ್ತೆ. ಮುಂದೆ ಓದು."

ಮುಂದಿನದು ಧಾರಕತೆ. ಅಂದರೆ ಒಂದು ವಸ್ತುವನ್ನು ಇಂತಿಷ್ಟು ವಿಭವಕ್ಕೆ ಏರಿಸಲು ಎಷ್ಟು ಚಾರ್ಜು ಹಿಡಿಸುತ್ತದೆ ಎಂಬುದು. ಅದನ್ನು ಓದಿದಾಗ ಅತ್ತೆ ಊಟ ನಿಲ್ಲಿಸಿದಳು. "ಲೋಟದಲ್ಲೂ ಗೇಣುದ್ದ ನೀರು ತುಂಬು, ಹಂಡೆಯಲ್ಲೂ ಗೇಣುದ್ದ ತುಂಬು. ಎತ್ತರ ಎರಡಕ್ಕೂ ಒಂದೇ. ಲೋಟ ಉರುಳಿದ್ರೆ ಬಟ್ಟೆಯಲ್ಲಿ ಒರೆಸ್ಕೋಬಹುದು. ಹಂಡೆ ಉರುಳಿದ್ರೆ ಮನೆಯೆಲ್ಲ ನೀರು. ಅದಕ್ಕೇ ಸಣ್ಣ ಚಿಲಕ ಮುಟ್ಟಿದ್ರೆ ಚಿವುಟಿದ ಹಾಗಾಗುತ್ತೆ, ದೊಡ್ಡ ಗೇಟು ಮುಟ್ಟಿದ್ರೆ ಕಪಾಳಕ್ಕೆ ಬಿಟ್ಟ ಹಾಗಾಗುತ್ತೆ." ಆ ಪಾಠದಲ್ಲಿ ನನಗೆ ಒಳ್ಳೆಯ ಅಂಕ ಬಂತು. ಅವಳಿಗೆ ಹೇಳಿದೆ, ಮಗು ಹೆತ್ತವಳಂತೆ ಬೀಗಿದಳು.

ಕಪಾಳಕ್ಕೆ ಬೀಳಬಾರದೆಂದರೆ ಕೊಕ್ಕೆ ಬರೀ ಕಬ್ಬಿಣವಾಗಿರಬೇಕು. ಗೇಟಿನ ಜೊತೆ ಕೊಕ್ಕೆಯ ಮೇಲೂ ಪುಡಿ ಕೂತು, ಓವನ್ನಿನಲ್ಲಿ ಬೆಂದು, ದಿನ ಕಳೆದಂತೆ ಪ್ಲಾಸ್ಟಿಕ್ಕಿನ ಸಿಪ್ಪೆಯಾಗುತ್ತದೆ. ಆಗ ಗೇಟು ಕಂಬಿಗೆ ನೇತಾಡುತ್ತಿದ್ದರೂ ಕಂಬಿಯ ಜೊತೆ ಮಾತು ಬಿಟ್ಟಂತೆಯೇ. ಅದಕ್ಕೆ ಹತ್ತಿದ ಚಾರ್ಜು ಇಳಿಯಲು ದಾರಿಯಿಲ್ಲ. ಆದ್ದರಿಂದ ಅತ್ತೆ ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಅರ ಹಿಡಿದು, ಕಬ್ಬಿಣ ಹೊಳೆಯುವವರೆಗೆ ಕೊಕ್ಕೆ ಕೆರೆಯುತ್ತಿದ್ದಳು.

ಆಮೇಲೆ ದೊಡ್ಡ ಆರ್ಡರು ಬಂತು. ಲಾರಿ ಒಳಗೆ ಹೋಗುವಂಥ ಜೋಡಿ ಗೇಟುಗಳು, ಕೊಡಬೇಕಾದ ದಿನ ಹತ್ತಿರ. ಬೆಳಗ್ಗೆ ಬಂದ ಕೂಡಲೇ ಗನ್ ಹಿಡಿ, ಕೊಕ್ಕೆ ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ.

"ಗೇಟು ದೊಡ್ಡದಾದಷ್ಟೂ ಕೊಕ್ಕೆ ಜಾಸ್ತಿ ಕೆರೀಬೇಕು ಅಣ್ಣ."

"ಕೊಕ್ಕೆ ಕೆರೆಯೋಕೆ ಬೆಳಗ್ಗೆ ಅರ್ಧ ಹೊತ್ತು ಹಾಳುಮಾಡ್ತಾರೆ ಅಂದ್ರೆ ಜನ ನಗ್ತಾರೆ."

"ನಗೋ ಜನದ ಕೈಗೆ ಗನ್ ಕೊಡು."

ಅವಳು ಊಟದ ಹೊತ್ತಿನಲ್ಲಿ ಕೆರೆಯತೊಡಗಿದಳು. ಅಪ್ಪ ಅರವನ್ನು ತಗೊಂಡು ತನ್ನ ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದ. ನನ್ನ ಅಪ್ಪ ಕೆಟ್ಟವನೇನಲ್ಲ ಎಂದು ಹೇಳುವವರು ಬಹಳ ಜನ ಇದ್ದಾರೆ. ಅವರಿಗೆಲ್ಲ ನಾನು ಆ ಡ್ರಾಯರನ್ನು ತೋರಿಸಬೇಕೆಂದುಕೊಂಡಿದ್ದೇನೆ.

ಅವಘಡ ಆದ ದಿನ ನಾನು ಕಾಲೇಜಿನಲ್ಲಿದ್ದೆ. ಆದದ್ದನ್ನು ಓವನ್ನಿನ ಹತ್ತಿರ ನಿಂತಿದ್ದ ಕೆಲಸಗಾರ ನನಗೆ ಹೇಳಿದ. ಗೇಟಿನ ಮೇಲೆ ಪುಡಿ ಕೂರದೆ ಉದುರುತ್ತಿತ್ತು. ಅತ್ತೆ ಗನ್ ಇಳಿಸಿ, "ಅಣ್ಣ, ಗೇಟಿಗೆ ನೆಲ ಸಿಗ್ತಿಲ್ಲ, ಅರ ಕೊಡು" ಎಂದಳು. ಅಪ್ಪ ಎದ್ದು ಬಂದ. ಅರ ತರಲಿಲ್ಲ. ಪುಡಿ ಉದುರಿದರೆ ವೋಲ್ಟೇಜು ಕಡಿಮೆ ಎಂದು ಅರ್ಥ ಎನ್ನುತ್ತಾ ತಾನೇ ಕೈಯಾರೆ ಗುಂಡಿ ತಿರುಗಿಸಿ ಪೂರ್ತಿ ಏರಿಸಿದ. "ಈಗ ಹೊಡಿ" ಎಂದ. ಅವಳು ಹೊಡೆದಳು. ಇಳಿಯಲು ದಾರಿ ಸಿಗದ ಗೇಟು ತುಂಬುತ್ತಾ ತುಂಬುತ್ತಾ ಹೋಗಿ ಕೊನೆಗೆ ಪಕ್ಕದ ತಗಡಿಗೆ ಕಿಡಿ ಹಾರಿಸಿತು. ಬೂತಿನ ತುಂಬ ತೇಲುತ್ತಿದ್ದ ಪುಡಿ ಭಗ್ಗೆಂದಿತು. ಕಣ್ಣ ರೆಪ್ಪೆ ಬಡಿಯುವುದರೊಳಗೆ ಮುಗಿದ ಬೆಂಕಿ ಅದು. ಅಷ್ಟರಲ್ಲಿ ಅತ್ತೆಯ ಬಲಗೈ ಬೆರಳಿನಿಂದ ಮೊಣಕೈವರೆಗೆ ಸುಟ್ಟುಹೋಗಿತ್ತು.

ಆಸ್ಪತ್ರೆಯಲ್ಲಿ ಅಪ್ಪ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅತ್ತ. ಅದು ನಾಟಕವಲ್ಲ, ನಿಜವಾಗಿ ಅತ್ತ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ನಾಳೆ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರೆ" ಎಂದ. "ಅರ್ಥಿಂಗ್ ಇರ್ಲಿಲ್ಲ ಅಂತ ಗೊತ್ತಾದ್ರೆ ಶೆಡ್ಡು ಮುಚ್ಚಿಸ್ತಾರೆ. ನೀನು ಅವತ್ತು ರಬ್ಬರ್ ಚಪ್ಪಲಿ ಹಾಕ್ಕೊಂಡಿದ್ದೆ ಅನ್ನು. ಚಾರ್ಜು ನಿನ್ನ ಮೈಮೇಲೆ ಉಳ್ಕೊಂಡು ಕಿಡಿ ಹಾರ್ತು ಅನ್ನು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇದು ಒಂದೇ ಸುಳ್ಳು."

ಆ ಸುಳ್ಳಿಗೆ ಬೇಕಾದಷ್ಟು ವಿಜ್ಞಾನವನ್ನು ಅವನಿಗೆ ಕಲಿಸಿದವಳು ಅವಳೇ. ನನಗೆ ಮೈಯೆಲ್ಲ ಉರಿದುಹೋಯಿತು. "ಅತ್ತೆ ಜನ್ಮದಲ್ಲಿ ಬೂತಿನೊಳಗೆ ಚಪ್ಪಲಿ ಹಾಕಿಲ್ಲ" ಎಂದೆ. ಅಮ್ಮ ನನ್ನ ತೋಳು ಹಿಂಡಿದಳು. ಅತ್ತೆ ಬ್ಯಾಂಡೇಜಿನ ಕೈ ನೋಡುತ್ತಾ, "ನೀನು ಸುಮ್ನಿರು" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು.

"ಗನ್ನು?"

"ಕೈ ವಾಸಿ ಆಗ್ಲಿ. ಗನ್ನು ನಿಂದೇ. ನಾನು ಬೇರೆಯವ್ರಿಗೆ ಕೊಡ್ತೀನಾ?"

ಅವಳಿಗೆ ಬೇಕಿದ್ದದ್ದು ಅಷ್ಟೇ. ಸುಳ್ಳು ಹೇಳಿದಳು. ಇನ್ಸ್‌ಪೆಕ್ಟರ್ ತಲೆಯಾಡಿಸಿ, ಇಂಥ ಅಜಾಗರೂಕ ಹೆಂಗಸರನ್ನು ಬೂತಿನೊಳಗೆ ಬಿಡಬೇಡಿ ಎಂದು ಅಪ್ಪನಿಗೆ ಬುದ್ಧಿ ಹೇಳಿ ಹೋದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಾರನೆಯ ದಿನವೇ ಅರ ಡ್ರಾಯರಿನಿಂದ ಹೊರಗೆ ಬಂತು.

ಚರ್ಮ ಬಿಗಿದುಕೊಂಡರೂ ಬೆರಳುಗಳು ಮಡಚುವಷ್ಟಾದವು. ಅತ್ತೆ ಹೊಸ ಗ್ಲೌಸು ಕತ್ತರಿಸಿಕೊಂಡು ಶೆಡ್ಡಿಗೆ ಹೋದಳು. ಬೂತಿನ ಬಾಗಿಲಲ್ಲೇ ಅಪ್ಪ ಅಡ್ಡ ನಿಂತ. "ಸಾಹೇಬ್ರು ಹೇಳಿದ್ದು ಕೇಳಿಸ್ಲಿಲ್ವಾ? ನಿನ್ನ ಒಳಗೆ ಬಿಟ್ರೆ ನನ್ನ ಕುತ್ತಿಗೆಗೆ ಬರುತ್ತೆ." ಏರಿದ ಏಣಿಯನ್ನು ಇಷ್ಟು ಮೆತ್ತಗೆ ಒದ್ದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವಳು ಬೇರೆ ಶೆಡ್ಡುಗಳಿಗೆ ಕೆಲಸ ಕೇಳಿಕೊಂಡು ಹೋದಳು. ಸುದ್ದಿ ಅವಳಿಗಿಂತ ಮೊದಲೇ ಹೋಗಿ ಕೂತಿತ್ತು. ಒಂದು ಕಡೆಯ ಮಾಲೀಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಓ, ಆ ಚಪ್ಪಲಿ ಹೆಂಗಸು ನೀನೇ ತಾನೇ?" ಎಂದನಂತೆ. ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದಳು. ನಗು ಮುಗಿಯುವ ಮೊದಲು ಎದ್ದು ಬಚ್ಚಲಿಗೆ ಹೋದಳು.

ಈಗ ಶೆಡ್ಡಿನ ಹಿಂಭಾಗದಲ್ಲಿ, ಬೆಂದು ಬಂದ ಗೇಟುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವುದು ಅವಳ ಕೆಲಸ. ಬೆಳಗ್ಗೆ ಕೊಕ್ಕೆ ಕೆರೆಯುವುದೂ ಅವಳೇ, ಎಡಗೈಯಲ್ಲಿ. ಅದಕ್ಕೆ ಎಷ್ಟು ಹೊತ್ತು ಹಿಡಿದರೂ ಅಪ್ಪ ತಕರಾರು ಮಾಡುವುದಿಲ್ಲ.

ಚಪ್ಪಲಿಯ ಕಥೆಯನ್ನು ಅಪ್ಪ ಮೊದಮೊದಲು ನೆಲ ನೋಡಿಕೊಂಡು ಹೇಳುತ್ತಿದ್ದ. ವರ್ಷಗಳು ಉರುಳಿದಂತೆ ನೆಂಟರಿಗೆ, ಗಿರಾಕಿಗಳಿಗೆ, ಬ್ಯಾಂಕಿನವರಿಗೆ ಹೇಳುತ್ತಾ ಹೇಳುತ್ತಾ ಕಥೆಗೆ ಕೈಕಾಲು ಬಂದವು. ಅವತ್ತು ಬೆಳಗ್ಗೆಯೇ ಎಚ್ಚರಿಸಿದ್ದೆ ಎಂದ. ಚರ್ಮದ ಅಟ್ಟೆಯ ಶೂ ಕೂಡ ತಂದುಕೊಟ್ಟಿದ್ದೆ ಎಂದ. ಅಮ್ಮ ಪಕ್ಕದಲ್ಲಿ ನಿಂತು ಹೌದು ಹೌದು ಎಂದಳು. ನಾನು ಎದುರು ಮಾತಾಡಿದರೆ, ನೀನು ಕಾಲೇಜಿನಲ್ಲಿದ್ದೆ, ನಿನಗೇನು ಗೊತ್ತು ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮೊನ್ನೆ ಹೊಸದಾಗಿ ಒಬ್ಬ ಗನ್ ಹಿಡಿಯಲು ಬಂದ, ನಡುವಯಸ್ಸಿನ ಗಂಡಸು. ಅಪ್ಪ ಅವನನ್ನು ಶೆಡ್ಡೆಲ್ಲ ಸುತ್ತಾಡಿಸಿ, ಅತ್ತೆ ಗೇಟು ಸುತ್ತುತ್ತಿದ್ದಲ್ಲಿಗೇ ಕರೆತಂದ. ನಾನೂ ಅಲ್ಲೇ ಇದ್ದೆ.

"ರಬ್ಬರ್ ಚಪ್ಪಲಿ ಹಾಕ್ಕೊಂಡು ಬೂತಿಗೆ ಹೋಗ್ಬೇಡಪ್ಪ" ಎಂದ ಅಪ್ಪ. "ಇವಳು ನನ್ನ ತಂಗಿ. ಬೇಡ ಬೇಡ ಅಂದ್ರೂ ಹಾಕ್ಕೊಂಡು ಹೋಗಿ ಕೈ ಸುಟ್ಕೊಂಡ್ಲು. ತೋರಿಸಮ್ಮ ಕೈನ."

ಅತ್ತೆ ಕೈ ತೋರಿಸಿದಳು. ಆ ಮನುಷ್ಯ ಚ್ಚುಚ್ಚು ಎಂದ. ಅವಳು ಕೈ ಹಿಂದಕ್ಕೆ ತಗೊಂಡು, ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ವಿಷಯ ಎತ್ತಿದಳು.

"ಅಣ್ಣ, ಅವತ್ತು ನಾನು ಹಾಕ್ಕೊಂಡಿದ್ದ ಚಪ್ಪಲಿ ಯಾವ ಬಣ್ಣದ್ದು?"

ನಾನು ಅಪ್ಪನ ಮುಖ ನೋಡಿದೆ. ಒಂದು ಕ್ಷಣ ತಡವರಿಸಿದ್ದರೂ ಸಾಕಿತ್ತು, ನಾನು ಅವನನ್ನು ಅರ್ಧದಷ್ಟಾದರೂ ಕ್ಷಮಿಸುತ್ತಿದ್ದೆ.

"ನೀಲಿ" ಎಂದ ಅಪ್ಪ. "ನೀಲಿ ಪಟ್ಟಿದು. ಮರೆತೇಬಿಟ್ಯಾ?"

ಅತ್ತೆ ಅವನ ಕಣ್ಣಲ್ಲಿ ಸುಳ್ಳು ಹುಡುಕಿದಳು. ನಾನೂ ಹುಡುಕಿದೆ. ಇರಲಿಲ್ಲ.

"ಹೌದಣ್ಣ, ಮರೆತಿದ್ದೆ" ಎಂದು ಅವಳು ಮುಂದಿನ ಗೇಟಿಗೆ ಹಾಳೆ ಹರಿದಳು.