ಕೊಲಂಬೊದ ಅತಿಥಿ, ಕಟ್ಟಾಯದ ಗೆಡ್ಡೆ

ಕೊಲಂಬೊದ ವ್ಯಾಪಾರಿ ರಾಜನ್ ನಮ್ಮ ಮನೆಗೆ ಊಟಕ್ಕೆ ಬಂದ ದಿನ ಏನೇನು ಕೆಡಬಹುದಿತ್ತು ಅಂತ ಈಗಲೂ ಒಪ್ಪಿಸಬಲ್ಲೆ. ಕಟ್ಟಾಯದ ಬೆಳೆಗಾರ ರಂಗೇಗೌಡರು ಅವರ ಕೊರಳಪಟ್ಟಿ ಹಿಡಿಯಬಹುದಿತ್ತು. ರಾಜನ್ ಎಲೆ ಬಿಟ್ಟು ಎದ್ದು ಹೋಗಬಹುದಿತ್ತು. ಸುದ್ದಿ ಮುಟ್ಟಿ ಬೆಳೆಗಾರರೆಲ್ಲ ನಮ್ಮ ಬೀದಿಯಲ್ಲಿ ಧರಣಿ ಕೂರಬಹುದಿತ್ತು. ಪೊಲೀಸರು ಬಂದು, ಪರದೇಶದವರನ್ನು ಯಾಕಯ್ಯಾ ಕರೆಸಿದೆ ಎನ್ನಬಹುದಿತ್ತು. ಇದೆಲ್ಲದರ ನಡುವೆ ಕರೆಂಟು ಹೋಗಿ ಫ್ಯಾನೂ ನಿಲ್ಲಬಹುದಿತ್ತು.

ಇದೆಲ್ಲ ನೆನಪಾದದ್ದು ಇವತ್ತಿನ ಪೇಪರಿನಿಂದ. ಯಾವುದೋ ದೇಶ ಪಕ್ಕದ ದೇಶದ ಸರಕಿಗೆ ಸುಂಕ ಏರಿಸಿದೆಯಂತೆ. ನಿಮಗೆ ಅದು ಸುದ್ದಿ. ಹಾಸನದಲ್ಲಿ ಆಲೂಗಡ್ಡೆ ಮಂಡಿ ಇಟ್ಟ ನನಗೆ ಹೊಟ್ಟೆಪಾಡು.

ಗೌಡರ ಗೆಡ್ಡೆ ಎಂದರೆ ರಾಜನ್‌ಗೆ ಪ್ರಾಣ. ವರ್ಷಾ ವರ್ಷ ನನ್ನ ಮೂಲಕ ಕೊಳ್ಳುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಇವರದು ಕನ್ನಡ, ಅವರದು ತಮಿಳು. ನಡುವೆ ಫೋನು ಹಿಡಿದ ನಾನು. ಆ ವರ್ಷ ಗೌಡರು ಇನ್ನೇನು ಗೆಡ್ಡೆ ಕೀಳಿಸಬೇಕು, ರಾಜನ್ ದೇಶದ ಸರ್ಕಾರ ಹೊರಗಿನ ಆಲೂಗಡ್ಡೆಗೆ ಸುಂಕ ಏರಿಸಿತು. "ಈ ಸಲ ಕೊಳ್ಳಲಾರೆ. ಫೋನಿನಲ್ಲಿ ಹೇಳುವುದು ಮರ್ಯಾದೆಯಲ್ಲ, ಬಂದೇ ಹೇಳುತ್ತೇನೆ" ಎಂದರು ರಾಜನ್. ಇಂಥ ಮರ್ಯಾದಸ್ಥರಿಂದಲೇ ನನ್ನಂಥವರಿಗೆ ಬಿಪಿ.

ಗೌಡರ ಕಿವಿಗೆ ವಿಷಯ ಮೊದಲೇ ಹಾಕಿ, ಇಬ್ಬರನ್ನೂ ಊಟಕ್ಕೆ ಕರೆದಿದ್ದೆ. ಎಲೆಯ ಮುಂದೆ ಕೂತವರೇ ಗೌಡರು ಶುರು ಮಾಡಿದರು. "ಕೇಳಿ ಸಾ ಇವಯ್ಯನ್ನ. ಇಷ್ಟ್ ವರ್ಸ ಬೇಕಾಗಿದ್ದ ಗೆಡ್ಡೆ ಈಗ ಬ್ಯಾಡ್ವಾಯ್ತಾ? ಒಲದಲ್ಲಿರೋದ್ನ ಏಮಾವತಿಗೆ ಸುರೀಲಾ?"

"ಪ್ರಯಾಣ ಸುಖವಾಗಿತ್ತಾ ಅಂತಿದ್ದಾರೆ" ಎಂದೆ ತಮಿಳಿನಲ್ಲಿ.

ರಾಜನ್ ಗೌಡರ ಮೂಗಿನ ಹೊಳ್ಳೆ ನೋಡಿದರು. "ಇಷ್ಟು ಕೋಪದಲ್ಲಿ ಯಾರೂ ಪ್ರಯಾಣ ವಿಚಾರಿಸುವುದಿಲ್ಲ, ಅಣ್ಣಾ. ಇದ್ದದ್ದು ಹೇಳಿ."

ಹೇಳಿದೆ. ರಾಜನ್ ತಲೆ ತಗ್ಗಿಸಿದರು. ತಮ್ಮಲ್ಲೂ ಬೆಟ್ಟದ ಕಡೆ ಆಲೂಗಡ್ಡೆ ಬೆಳೆಯುತ್ತಾರೆ, ಹೊರಗಿನದು ಬಂದು ಬಿದ್ದರೆ ಅವರದನ್ನು ಕೇಳುವವರಿಲ್ಲ, ಮೇಲೆ ಅಂಗಮಾರಿ ರೋಗ ಬೇರೆ ಎಂದರು.

"ಅಲ್ಲೂ ಅಂಗಮಾರಿನಾ?" ಗೌಡರ ದನಿ ಇಳಿಯಿತು. "ಔಸ್ದಿ ಏನ್ ಒಡೀತಾರಂತೆ, ಕೇಳಿ."

ಅರ್ಧ ಗಂಟೆ ನಾನು ಔಷಧಿಯನ್ನೇ ಭಾಷಾಂತರಿಸಿದೆ. ಕೊನೆಗೆ ಗೌಡರೆಂದರು: "ಅಂಗಾದ್ರೆ ಅವ್ರು ಮಾಡಿದ್ದು ಸರಿ ಕಣ್ ಸಾ. ಅವ್ರ ರೈತ್ರುನ್ನ ಅವ್ರು ಕಾಯ್ಬೇಕಲ್ವಾ. ಈ ಬೆಳೆನ ಇಲ್ಲೇ ಎಂಗೋ ಮಾರ್ಕತೀನಿ. ಸುಂಕ ಇಳಿದ್ ದಿನ ಮೊದ್ಲು ನಂಗೇ ಫೋನ್ ಮಾಡ್ಬೇಕು ಅನ್ನಿ." ರಾಜನ್ ಎಡಗೈಯಲ್ಲೇ ಅವರ ತೋಳು ಹಿಡಿದುಕೊಂಡರು.

ಅವತ್ತು ನನಗೆ ಹಸಿವಾದದ್ದೇ ಆಗ. ಹೆಂಡತಿ ಆಲೂಗಡ್ಡೆ ಪಲ್ಯ ಬಡಿಸಿದಳು. ಗೌಡರು ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿದರು.

"ಅಕ್ಕಾ, ಇದ್ಯಾಕೆ ಸೀ ಐತೆ?"

ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಆಲೂಗಡ್ಡೆ ಸಿಹಿಯಾಗುತ್ತದೆ. ಬೆಳೆಯುವವರ ನಾಲಗೆಯಿಂದ ಅದನ್ನು ಬಚ್ಚಿಡಲಾಗದು. ಆ ವಾರ ನನ್ನ ಮಂಡಿಗೆ ಆಗ್ರಾದ ಸ್ಟೋರೇಜಿನಿಂದ ಅಗ್ಗದ ಲೋಡ್ ಇಳಿದಿತ್ತು. ಸ್ಯಾಂಪಲ್ ಬುಟ್ಟಿ ಸೀದಾ ಅಡುಗೆಮನೆಗೆ ಹೋಗಿತ್ತು. ಇಷ್ಟೊಂದು ಅನಾಹುತ ಯೋಚಿಸಿದ್ದ ನಾನು ಬುಟ್ಟಿಯೊಂದನ್ನು ಯೋಚಿಸಿರಲಿಲ್ಲ.

"ಸಮುದ್ರದಾಚೆಯೋರು ಅವ್ರ ರೈತ್ರುನ್ನ ಕಾಯ್ತಾರೆ. ನೀವು ನನ್ನ ಕೂರುಸ್ಕೊಂಡು ನಂಗೇ ಆಗ್ರಾದ್ದು ಬಡುಸ್ತೀರಲ್ಲ ಸಾ!"

"ಏನಂತೆ?" ಎಂದರು ರಾಜನ್.

"ಪಲ್ಯ ಚೆನ್ನಾಗಿದೆಯಂತೆ."

ಮುಂದಿನ ವರ್ಷ ಸುಂಕ ಇಳಿಯಿತು. ರಾಜನ್ ಮೊದಲು ಫೋನ್ ಮಾಡಿದ್ದು ಗೌಡರಿಗೇ. ಗೌಡರ ಸೊಸೆಗೆ ತಮಿಳು ಬರುತ್ತದಂತೆ, ನಡುವೆ ನನ್ನ ಫೋನು ಬೇಕಾಗಲಿಲ್ಲ. ಹಾಗಾಗಿ ಪೇಪರಿನ ದೇಶಗಳ ಬಗ್ಗೆ ನಾನೀಗ ಅಷ್ಟು ಹೆದರುವುದಿಲ್ಲ, ಹೇಗೋ ಸುಧಾರಿಸಿಕೊಳ್ಳುತ್ತವೆ. ಗೌಡರು ಇವತ್ತಿಗೂ ನಮ್ಮಲ್ಲಿಗೆ ಬರುತ್ತಾರೆ. ಮುದ್ದೆ ಉಣ್ಣುತ್ತಾರೆ, ಮಜ್ಜಿಗೆ ಕೇಳಿ ಹಾಕಿಸಿಕೊಳ್ಳುತ್ತಾರೆ. ಪಲ್ಯದ ಪಾತ್ರೆ ಹತ್ತಿರ ಬಂದರೆ ಮಾತ್ರ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ.